ಹೃದಯವನ್ನು ದಣಿಸಿ ನೋಡುವ ಪರೀಕ್ಷೆ

ಟಿ.ಎಂ.ಟಿ. ಎಂಬ ಮೂರಕ್ಷರ ಈಗ ಕನ್ನಡದ ಆಡುಮಾತೇ ಆಗಿಬಿಟ್ಟಿದೆ. ಎದೆಯಲ್ಲಿ ಸ್ವಲ್ಪ ಚುಳುಕ್ ಎಂದರೂ 'ಒಂದ್ಸಲ ಟಿ.ಎಂ.ಟಿ. ಮಾಡಿಸಿಬಿಡ್ರಿ' ಎಂದು ಸಲಹೆ ಕೊಡುವವರು ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದಂಥ ಊರಿನಲ್ಲೂ ಸಿಗುತ್ತಾರೆ. ಚಲಿಸುವ ಪಟ್ಟಿಯ ಮೇಲೆ ನಡೆಸುತ್ತ ಇ.ಸಿ.ಜಿ. ತೆಗೆಯುವುದು ಇದರ ಸರಳ ರೂಪ. ಥಾಲಿಯಂ ಸ್ಕ್ಯಾನ್, ಸ್ಟ್ರೆಸ್ ಎಕೋ ಮುಂತಾದ ಚಿತ್ರಪರೀಕ್ಷೆಗಳು ಅದರ ಮುಂದಿನ ತಲೆಮಾರು. ಹೃದಯವನ್ನು ಬೇಕೆಂದೇ ದಣಿಸಿ ನೋಡುವುದು ಎಷ್ಟು ಸುರಕ್ಷಿತ, ಅದರಿಂದ ತಿಳಿಯುವುದಾದರೂ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಸಿಗಲು ಬಹಳ ವರ್ಷಗಳೇ ಹಿಡಿದವು.

ದಣಿಸಿ ಯಾಕೆ ನೋಡಬೇಕು? ಶ್ರೀರಾಮನಗರದ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1953ರಲ್ಲಿ ತುಂಗಭದ್ರೆಯ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯ ಬೆನ್ನು ಹಿಡಿದು ಆಂಧ್ರದ ರೈತರು ಈ ಸೀಮೆಗೆ ಬಂದರು, ಕ್ಯಾಂಪುಗಳು ಹುಟ್ಟಿದವು, ಭತ್ತ ಬೆಳೆಯಿತು. ಕಾಲುವೆಯಲ್ಲಿ ಹೂಳು ತುಂಬಿದ್ದರೆ ನೀರಿನ ಬೇಡಿಕೆ ಕಡಿಮೆಯಿರುವ ದಿನಗಳಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ನಾಟಿಯ ಹಂಗಾಮಿನಲ್ಲಿ ಎಲ್ಲರೂ ಒಟ್ಟಿಗೆ ತೂಬು ಎತ್ತಿದಾಗ ಮಾತ್ರ ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರ ಕೂಗು ಕೇಳುತ್ತದೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೋನರಿ ನಾಳಗಳದ್ದೂ ಇದೇ ಕಥೆ. ಅಮೆರಿಕದ ಲ್ಯಾನ್ಸ್ ಗೌಲ್ಡ್ ಮತ್ತು ಸಂಗಡಿಗರು 1974ರಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ನಾಳದ ವ್ಯಾಸ ಸುಮಾರು ಶೇ. 85ರಷ್ಟು ಕಿರಿದಾಗುವವರೆಗೂ ವಿಶ್ರಾಂತಿಯ ಹರಿವು ಕುಗ್ಗಲಿಲ್ಲ. ಗರಿಷ್ಠ ಹರಿವಾದರೋ ಅರ್ಧದಷ್ಟು ಕಿರಿದಾದಾಗಲೇ ಕುಸಿಯತೊಡಗಿತು. ಮಂಚದ ಮೇಲೆ ಮಲಗಿಸಿ ತೆಗೆದ ಇ.ಸಿ.ಜಿ. ಚೆನ್ನಾಗಿದೆ ಎಂಬ ಮಾತ್ರಕ್ಕೆ ನಾಳ ಚೆನ್ನಾಗಿದೆ ಎನ್ನಲಾಗದು.

ಈ ಗುಟ್ಟನ್ನು ರೋಗಿಗಳ ಮಾತಿನಿಂದಲೇ ಮೊದಲು ಗುರುತಿಸಿದವನು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್. 1768ರಲ್ಲಿ ಅವನು ಓದಿದ ಪ್ರಬಂಧ 1772ರಲ್ಲಿ ಅಚ್ಚಾಯಿತು. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಉಂಡ ಮೇಲೆ ನಡೆದಾಗ ಎದೆ ಹಿಂಡಿದಂತಾಗುವುದು, ನಿಂತ ಕೂಡಲೇ ಶಮನವಾಗುವುದು: ಇದಕ್ಕೆ ಆಂಜೈನಾ ಎಂದು ಹೆಸರಿಟ್ಟ. ದಿನಕ್ಕೆ ಅರ್ಧ ಗಂಟೆ ಮರ ಕೊಯ್ಯುವ ಕೆಲಸ ಹಚ್ಚಿಕೊಂಡ ಒಬ್ಬ ರೋಗಿ ಬಹುಪಾಲು ಗುಣವಾದದ್ದನ್ನೂ ಅವನು ಬರೆದಿಟ್ಟಿದ್ದಾನೆ. ಇಂದಿನ ಹೃದ್ರೋಗ ತಜ್ಞರು ವ್ಯಾಯಾಮಕ್ಕೆ ಕೊಡುವ ಬೆಲೆಯನ್ನು ನೆನೆದರೆ ಆ ಸಾಲು ಅಚ್ಚರಿ ಹುಟ್ಟಿಸುತ್ತದೆ.

ನೋವಿನ ಹೊತ್ತಿನಲ್ಲಿ ಹೃದಯದೊಳಗೆ ಏನಾಗುತ್ತದೆಂದು ದಾಖಲಿಸಲು ಇ.ಸಿ.ಜಿ. ಯಂತ್ರ ಬರಬೇಕಾಯಿತು. ಐಂತೋವನ್ ಅದನ್ನು 20ನೆಯ ಶತಮಾನದ ಆರಂಭದಲ್ಲಿ ರೂಪಿಸಿ 1924ರಲ್ಲಿ ನೊಬೆಲ್ ಪಡೆದ. 1928ರಲ್ಲಿ ಫೈಲ್ ಮತ್ತು ಸೀಗಲ್ ಎಂಬಿಬ್ಬರು ಆಂಜೈನಾ ರೋಗಿಗಳಿಗೆ ವ್ಯಾಯಾಮ ಮಾಡಿಸಿ ಇ.ಸಿ.ಜಿ. ಗೆರೆ ಬದಲಾಗುವುದನ್ನು ಕಂಡರು. ನ್ಯೂಯಾರ್ಕಿನ ಆರ್ಥರ್ ಮಾಸ್ಟರ್ ಒಂಬತ್ತು ಅಂಗುಲ ಎತ್ತರದ ಎರಡು ಮೆಟ್ಟಿಲ ಪೀಠವನ್ನು ಹತ್ತಿ ಇಳಿಸುವ ಪರೀಕ್ಷೆಯನ್ನು ಬಳಕೆಗೆ ತಂದ. ಆದರೆ ಇ.ಸಿ.ಜಿ. ತೆಗೆಯುತ್ತಿದ್ದುದು ಇಳಿದ ಮೇಲೆ. ಹತ್ತುವಾಗಲೇ ಏನಾದರೂ ಆದರೆ ಗೊತ್ತಾಗುವಂತಿರಲಿಲ್ಲ. ಈ ಕೊರತೆ ನೀಗಿಸಿದವರು ಸಿಯಾಟಲ್‌ನ ರಾಬರ್ಟ್ ಬ್ರೂಸ್. ಅವರು 1963ರಲ್ಲಿ ಪ್ರಕಟಿಸಿದ ಕ್ರಮವೇ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ನಡೆಯುವುದು. ಗಂಟೆಗೆ 2.7 ಕಿ.ಮೀ. ವೇಗ, ಶೇ. 10 ಏರಿನಿಂದ ಶುರು. ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ಉದ್ದಕ್ಕೂ ಪರದೆಯ ಮೇಲೆ ಇ.ಸಿ.ಜಿ. ಕಾಣುತ್ತಿರುತ್ತದೆ, ಗೆರೆ ಕೆಟ್ಟರೆ ಯಂತ್ರ ನಿಲ್ಲಿಸಬಹುದು.

ಹೃದ್ರೋಗಿಯನ್ನು ಓಡಿಸುವುದು ಅಪಾಯವಲ್ಲವೇ? 1971ರಲ್ಲಿ ರಾಕ್ಮಿಸ್ ಮತ್ತು ಬ್ಲ್ಯಾಕ್‌ಬರ್ನ್ ಸುಮಾರು 1,70,000 ಪರೀಕ್ಷೆಗಳ ಲೆಕ್ಕ ಹಾಕಿದರು. ಸಾವು ಹತ್ತು ಸಾವಿರಕ್ಕೆ ಒಂದರ ಆಸುಪಾಸು. ಸಣ್ಣ ಸಂಖ್ಯೆ ನಿಜ, ಸೊನ್ನೆಯಲ್ಲ. ಪಕ್ಕದಲ್ಲಿ ವೈದ್ಯರೂ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರವೂ ಇರಬೇಕೆಂಬ ನಿಯಮ ಈ ಒಂದಕ್ಕಾಗಿಯೇ.

ಎಲ್ಲರೂ ಓಡಲಾರರು. ಮೂವತ್ತು ವರ್ಷ ಕೆಸರಿನಲ್ಲಿ ಬಗ್ಗಿ ನಾಟಿ ಮಾಡಿದ ಹೆಂಗಸಿನ ಮೊಣಕಾಲು ಬ್ರೂಸರ ಎರಡನೆಯ ಹಂತಕ್ಕೇ ಕೈಕೊಡುತ್ತದೆ. ಇಂಥವರಿಗಾಗಿ ಬಂದದ್ದು ಔಷಧದಿಂದಲೇ ನಾಳವನ್ನು ಹಿಗ್ಗಿಸುವ ಉಪಾಯ. 1970ರ ದಶಕದ ಮಧ್ಯಭಾಗದಲ್ಲಿ ಥಾಲಿಯಂ-201 ಎಂಬ ವಿಕಿರಣಶೀಲ ಧಾತು ಹೃದಯದ ಚಿತ್ರಣಕ್ಕೆ ಬಂತು. ಪೊಟ್ಯಾಸಿಯಂನಂತೆ ವರ್ತಿಸುವ ಅದನ್ನು ಹೃದಯದ ಸ್ನಾಯು ರಕ್ತ ಬಂದಷ್ಟೇ ಹೀರಿಕೊಳ್ಳುತ್ತದೆ. 1978ರಲ್ಲಿ ಗೌಲ್ಡ್ ಅದರ ಜೊತೆಗೆ ಡೈಪಿರಿಡಮೋಲ್ ಔಷಧ ಬಳಸಿ ತೋರಿಸಿದರು. ದಣಿವಿನ ಚಿತ್ರದಲ್ಲಿ ಕಂಡ ಕಪ್ಪು ಜಾಗ ವಿಶ್ರಾಂತಿಯ ಚಿತ್ರದಲ್ಲಿ ತುಂಬಿಕೊಂಡರೆ ಅಲ್ಲಿ ರಕ್ತದ ಬರ, ಎರಡರಲ್ಲೂ ಖಾಲಿಯಿದ್ದರೆ ಹಳೆಯ ಗಾಯದ ಕಲೆ. ಈಗ ಹೆಚ್ಚು ಬಳಕೆಯಲ್ಲಿರುವುದು ಟೆಕ್ನೀಷಿಯಂ. ಅದು ಆರು ಗಂಟೆಗೆ ಅರ್ಧವಾಗುತ್ತದೆ. ಬೆಳಿಗ್ಗೆ ತೆಗೆದಿಟ್ಟದ್ದು ಸಂಜೆಗೆ ಕಾಲುಭಾಗ. ಈ ಪರೀಕ್ಷೆ ದೊಡ್ಡ ನಗರಗಳ ಸ್ವತ್ತಾಗಿ ಉಳಿಯಲು ಯಂತ್ರದ ಬೆಲೆಯೊಂದೇ ಕಾರಣವಲ್ಲ.

ಇದರ ಅಪಾಯವನ್ನೂ ಎಣಿಸಿದ್ದಾರೆ. 73,806 ಜನರ ಡೈಪಿರಿಡಮೋಲ್ ಪರೀಕ್ಷೆಗಳನ್ನು ಒಟ್ಟುಗೂಡಿಸಿದ 1995ರ ವರದಿಯಲ್ಲಿ ಹೃದಯಸಂಬಂಧಿ ಸಾವು ಹತ್ತು ಸಾವಿರಕ್ಕೆ ಒಂದಕ್ಕಿಂತ ತುಸು ಕಡಿಮೆ. ಇದೇ ಬಗೆಯ ಅಡೆನೋಸಿನ್, ರೆಗಡೆನೋಸಾನ್ ಔಷಧಗಳಿಂದ ಅಪರೂಪಕ್ಕೆ ಹೃದಯಾಘಾತವಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಎಚ್ಚರಿಸಿತು. ಆಸ್ತಮಾ ಇದ್ದವರು ಅದನ್ನು ಮೊದಲೇ ಹೇಳಬೇಕು, ಉಸಿರು ಕಟ್ಟುವ ಸಂಭವವುಂಟು. ಹಿಂದಿನ ದಿನದಿಂದ ಚಹಾ, ಕಾಫಿ ಬಿಡಬೇಕು, ಅದರಲ್ಲಿರುವ ಕೆಫೀನ್ ಔಷಧದ ಕೆಲಸಕ್ಕೆ ಅಡ್ಡಬರುತ್ತದೆ. (ಸುಲಭದ ಮಾತಲ್ಲ, ನಮ್ಮ ಕಡೆ ಬೆಳಗಾಗುವುದೇ ಚಹಾದಿಂದ.) ಟೆಕ್ನೀಷಿಯಂ ಪರೀಕ್ಷೆಯ ವಿಕಿರಣ ಸುಮಾರು 10 ಮಿಲಿಸೀವರ್ಟ್, ಅಂದರೆ ಮಣ್ಣು, ಗಾಳಿ, ಆಕಾಶದಿಂದ ನಮಗೆ ಮೂರ್ನಾಲ್ಕು ವರ್ಷಗಳಲ್ಲಿ ಸಹಜವಾಗಿ ಬರುವಷ್ಟು. ಸಕಾರಣವಿದ್ದರೆ ಒಪ್ಪಬಹುದು, 'ಸುಮ್ಮನೆ ಒಮ್ಮೆ ನೋಡೋಣ' ಎಂಬುದಕ್ಕಲ್ಲ.

ಈ 'ಸುಮ್ಮನೆ ಒಮ್ಮೆ' ಎಂಬುದೇ ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಗಂಟು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೇ ತೀರಿಕೊಂಡಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವದಲ್ಲಿ ಮತ್ತೆ ಅದೇ ಸಾಲು. ಭಯ ಸಹಜ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ.

147 ಅಧ್ಯಯನಗಳನ್ನು ಜಾಲಾಡಿದ 1989ರ ವಿಶ್ಲೇಷಣೆಯ ಪ್ರಕಾರ ವ್ಯಾಯಾಮದ ಇ.ಸಿ.ಜಿ. ರೋಗವಿದ್ದ 100 ಜನರಲ್ಲಿ 68 ಮಂದಿಯನ್ನು ಹಿಡಿಯುತ್ತದೆ. ರೋಗವಿಲ್ಲದ 100ರಲ್ಲಿ 77 ಮಂದಿಯನ್ನು ಸರಿಯಾಗಿ ಬಿಡುತ್ತದೆ. ಯಾವ ತೊಂದರೆಯೂ ಇಲ್ಲದ 1,000 ಜನ ಸಾಲಿನಲ್ಲಿ ನಿಂತಿದ್ದಾರೆ, ಅವರಲ್ಲಿ 50 ಜನಕ್ಕೆ ನಿಜವಾಗಿ ರೋಗವಿದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಆ 50ರಲ್ಲಿ 34 ಮಂದಿಯನ್ನು ಹಿಡಿಯುತ್ತದೆ. ಜೊತೆಗೆ ಆರೋಗ್ಯವಂತರಾದ 950ರಲ್ಲಿ ಸುಮಾರು 218 ಮಂದಿಗೂ 'ಪಾಸಿಟಿವ್' ಎನ್ನುತ್ತದೆ. ಪಾಸಿಟಿವ್ ಬಂದ ಏಳರಲ್ಲಿ ಆರು ಮಂದಿಗೆ ರೋಗವೇ ಇಲ್ಲ! ಅವರಲ್ಲಿ ಹಲವರು ಆಂಜಿಯೋಗ್ರಾಂಗೆ ಸಾಲಮಾಡಿ ಹೊರಡುತ್ತಾರೆ. ಶ್ರೀರಾಮನಗರದಿಂದ ಬೆಂಗಳೂರು ಸುಮಾರು 350 ಕಿ.ಮೀ. ರೋಗವಿರುವ ಸಂಭವ ಅರ್ಧಕ್ಕರ್ಧ ಇರುವವರಲ್ಲಿ ಇದೇ ಪರೀಕ್ಷೆಯ ಪಾಸಿಟಿವ್ ನಾಲ್ಕರಲ್ಲಿ ಮೂರು ಸಲ ನಿಜವಾಗುತ್ತದೆ. ಯಂತ್ರ ಅದೇ, ಹತ್ತಿದವರು ಬೇರೆ. ಡೈಮಂಡ್ ಮತ್ತು ಫಾರೆಸ್ಟರ್ 1979ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ವಯಸ್ಸು, ಲಿಂಗ, ನೋವಿನ ಬಗೆಯನ್ನು ಮೊದಲು ವಿಚಾರಿಸಿಕೊಳ್ಳದೆ ಫಲಿತಾಂಶಕ್ಕೆ ಅರ್ಥವಿಲ್ಲ. ಇಂಗ್ಲೆಂಡಿನ ಮಾರ್ಗಸೂಚಿಯು 2010ರಲ್ಲಿ ರೋಗ ಪತ್ತೆಗೆ ಬರೀ ಟ್ರೆಡ್‌ಮಿಲ್ ಇ.ಸಿ.ಜಿ.ಯನ್ನು ಕೈಬಿಟ್ಟಿತು. ಚಿತ್ರಪರೀಕ್ಷೆಗಳು ಇದಕ್ಕಿಂತ ನಿಖರ.

ನೆಗೆಟಿವ್ ಬಂದವರೂ ನಿಶ್ಚಿಂತರಾಗುವಂತಿಲ್ಲ. ಹೃದಯಾಘಾತ ಅನೇಕ ವೇಳೆ ನಾಳವನ್ನು ಅರ್ಧವೂ ಮುಚ್ಚಿರದ ಮೆದು ಕೊಬ್ಬಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಆಗುವಂಥದ್ದು. ಹರಿವಿಗೆ ತಡೆಯಿಲ್ಲದ್ದನ್ನು ದಣಿವಿನ ಪರೀಕ್ಷೆ ಕಾಣದು. ಇನ್ನು ಪಾಸಿಟಿವ್ ಬಂದವರೆಲ್ಲ ಕೂಡಲೇ ಸ್ಟೆಂಟ್ ಹಾಕಿಸಿಕೊಳ್ಳಬೇಕೆಂದೂ ಇಲ್ಲ. ಭಾರತವೂ ಸೇರಿ 37 ದೇಶಗಳ 5,179 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ 'ಇಸ್ಕೀಮಿಯಾ' ಅಧ್ಯಯನದಲ್ಲಿ, ಸ್ಥಿರ ರೋಗದವರಿಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಆಂಜೈನಾ ನೋವು ಮಾತ್ರ ತಗ್ಗಿತು.

ಇವೆಲ್ಲ ನಡೆದಾಗ ಬಂದು ನಿಂತಾಗ ಹೋಗುವ ನೋವಿನ ಮಾತು. ಕೂತಲ್ಲೇ ಎದೆ ಹಿಂಡಿ, ಬೆವರು ಕಿತ್ತು, ನೋವು ಇಪ್ಪತ್ತು ನಿಮಿಷ ದಾಟಿದರೆ ಟಿ.ಎಂ.ಟಿ.ಯ ಹೆಸರನ್ನೂ ಎತ್ತಬಾರದು. ಅಂಥ ಹೊತ್ತಿನಲ್ಲಿ ಪಟ್ಟಿ ಹತ್ತಿಸುವುದೇ ನಿಷಿದ್ಧ. ಆಗ ಬೇಕಾದದ್ದು ಸಾದಾ ಇ.ಸಿ.ಜಿ., ಅದೂ ಹತ್ತಿರದ ಆಸ್ಪತ್ರೆಯಲ್ಲಿ. ಪುನೀತ್ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ 'ಹೃದಯ ಜ್ಯೋತಿ' ಯೋಜನೆ ತಾಲ್ಲೂಕು ಮಟ್ಟದಲ್ಲೇ ಇ.ಸಿ.ಜಿ. ತೆಗೆದು, ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಏರ್ಪಾಡು.

ಟ್ರೆಡ್‌ಮಿಲ್ ಪರೀಕ್ಷೆ ಹಾಗಾದರೆ ದಂಡವೇ? ಅಲ್ಲ. 2002ರಲ್ಲಿ ಪ್ರಕಟವಾದ 6,213 ಗಂಡಸರ ಅಧ್ಯಯನದಲ್ಲಿ ಆಯುಷ್ಯವನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸಿದ್ದು ಪಟ್ಟಿಯ ಮೇಲೆ ಅವರು ತೋರಿದ ಶ್ರಮಶಕ್ತಿ. ವರದಿ ಕೈಗೆ ಬಂದ ಕೂಡಲೇ ನಾವು ಕೊನೆಯ ಪುಟ ತಿರುವಿ ಪಾಸಿಟಿವೋ ನೆಗೆಟಿವೋ ಎಂದು ಹುಡುಕುತ್ತೇವೆ. ಎಷ್ಟು ನಿಮಿಷ ನಡೆದರು ಎಂಬುದು ಮೊದಲ ಪುಟದಲ್ಲೇ ಇರುತ್ತದೆ.