ಪೆನಾಲ್ಟಿ ಪಾಯಿಂಟ್ (ಬ್ರಿಟನ್)

ಬ್ರಿಟನ್ನಿನಲ್ಲಿ ಸಂಚಾರ ನಿಯಮ ಮುರಿದವರಿಗೆ ದಂಡ ಹಾಕುವುದರ ಜೊತೆಗೆ ಅವರ ಲೈಸೆನ್ಸ್ ದಾಖಲೆಗೆ ಸೇರಿಸುವ ಅಂಕಗಳೇ ಪೆನಾಲ್ಟಿ ಪಾಯಿಂಟ್. ಮೂರು ವರ್ಷದೊಳಗೆ 12 ಪಾಯಿಂಟ್ ತುಂಬಿದರೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ವಾಹನ ಓಡಿಸುವಂತಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ ಚಾಲಕರ ದಾಖಲೆ ಸ್ವಾನ್ಸೀ ನಗರದ ಡಿವಿಎಲ್‌ಎ ಎಂಬ ಸರ್ಕಾರಿ ಸಂಸ್ಥೆಯಲ್ಲಿರುತ್ತದೆ. ಉತ್ತರ ಐರ್ಲೆಂಡ್‌ಗೆ ಪ್ರತ್ಯೇಕ ಸಂಸ್ಥೆಯಿದೆ.

1962ರ ಕಾಯ್ದೆಯ ಪ್ರಕಾರ ಮೂರು ವರ್ಷದಲ್ಲಿ ಮೂರು ಬಾರಿ ಲೈಸೆನ್ಸಿನ ಮೇಲೆ ಷರಾ ಬಿದ್ದರೆ ಚಾಲನೆಗೆ ನಿಷೇಧ ಬರುತ್ತಿತ್ತು. ತಪ್ಪು ಸಣ್ಣದೋ ದೊಡ್ಡದೋ, ಷರಾ ಒಂದೇ. ಈ ಅನ್ಯಾಯ ಸರಿಪಡಿಸಲು 1981ರ ಸಾರಿಗೆ ಕಾಯ್ದೆ ಒಂದೊಂದು ತಪ್ಪಿಗೂ ಅದರದೇ ತೂಕ ಗೊತ್ತುಮಾಡಿತು. 1982ರಲ್ಲಿ ಅದು ಜಾರಿಗೆ ಬಂತು. ಈಗಿನ ಲೆಕ್ಕಕ್ಕೆ 1988ರ ರಸ್ತೆ ಸಂಚಾರ ಅಪರಾಧಿಗಳ ಕಾಯ್ದೆ ಆಧಾರ. ದಂಡದ ಹಣ ಉಳ್ಳವನಿಗೆ ಒಂದು ಹೊತ್ತಿನ ಊಟದ ಖರ್ಚಾಗಬಹುದು, ಇಲ್ಲದವನಿಗೆ ವಾರದ ದಿನಸಿ. ಪಾಯಿಂಟನ್ನು ಮಾತ್ರ ಯಾರೂ ದುಡ್ಡು ಕೊಟ್ಟು ತೀರಿಸಲಾರರು. ಈ ವ್ಯವಸ್ಥೆಯ ನಿಜವಾದ ಬಲ ಇರುವುದು ಇಲ್ಲೇ.

ಕೆಂಪು ದೀಪ ದಾಟಿದರೆ 3 ಪಾಯಿಂಟ್. ಅತಿವೇಗಕ್ಕೆ 3ರಿಂದ 6. ಕನಿಷ್ಠ ದಂಡ 100 ಪೌಂಡ್. ಮಿತಿಯನ್ನು ಸ್ವಲ್ಪವೇ ಮೀರಿದವರಿಗೆ ಪೊಲೀಸರು ಪಾಯಿಂಟಿನ ಬದಲು ವೇಗದ ಅಪಾಯ ತಿಳಿಸುವ ತರಗತಿಗೆ ಹೋಗುವ ಅವಕಾಶ ಕೊಡುವುದುಂಟು. ಆದರೆ ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಆ ಅವಕಾಶ ಸಿಗದು. ವಿಮೆ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಸ್ಥಳದಲ್ಲೇ ವಿಧಿಸುವ ಶಿಕ್ಷೆ 300 ಪೌಂಡ್ ಮತ್ತು 6 ಪಾಯಿಂಟ್. ಕೈಯಲ್ಲಿ ಮೊಬೈಲ್ ಹಿಡಿದರೆ 2017ರ ಮಾರ್ಚ್ 1ರಿಂದ 200 ಪೌಂಡ್ ಮತ್ತು 6 ಪಾಯಿಂಟ್. ಕರೆ ಮಾಡಿದರೆ ಮಾತ್ರ ತಪ್ಪು ಎಂದು ವಾದಿಸಿ ಕೆಲವರು ತಪ್ಪಿಸಿಕೊಳ್ಳುತ್ತಿದ್ದರು. 2022ರ ಮಾರ್ಚ್ 25ರಿಂದ ಆ ದಾರಿಯೂ ಮುಚ್ಚಿತು. ಸಿಗ್ನಲ್ಲಿನಲ್ಲಿ ನಿಂತಾಗ ಫೋನ್ ಕೈಗೆತ್ತಿಕೊಂಡು ಹಾಡು ಬದಲಿಸಿದರೂ ಅದು ಅಪರಾಧವೇ. ಕುಡಿದು ಓಡಿಸುವುದು ಪಾಯಿಂಟಿನ ಲೆಕ್ಕವನ್ನೇ ಮೀರಿದ್ದು: ಕನಿಷ್ಠ ಒಂದು ವರ್ಷ ನಿಷೇಧ, ಆ ಷರಾ ದಾಖಲೆಯಲ್ಲಿ 11 ವರ್ಷ ಉಳಿಯುತ್ತದೆ.

ಎಣಿಕೆಗೆ ತೀರ್ಪಿನ ದಿನವಲ್ಲ, ತಪ್ಪು ನಡೆದ ದಿನ ಮುಖ್ಯ. ಒಬ್ಬಾಕೆ 2022ರ ಮಾರ್ಚ್‌ನಲ್ಲಿ ಅತಿವೇಗಕ್ಕೆ 3, 2023ರ ಆಗಸ್ಟ್‌ನಲ್ಲಿ ಕೆಂಪು ದೀಪಕ್ಕೆ 3, 2024ರ ನವೆಂಬರ್‌ನಲ್ಲಿ ಮೊಬೈಲಿಗೆ 6 ಪಾಯಿಂಟ್ ಪಡೆದರೆ ಒಟ್ಟು 12 ಆಗಿ ನಿಷೇಧದ ಅಂಚಿಗೆ ಬರುತ್ತಾಳೆ. ಮೊದಲ ತಪ್ಪು 2021ರ ಅಕ್ಟೋಬರಿನದಾಗಿದ್ದರೆ ಲೆಕ್ಕಕ್ಕೆ 9 ಮಾತ್ರ. ಹೆಚ್ಚಿನ ತಪ್ಪುಗಳ ಷರಾ ದಾಖಲೆಯಲ್ಲಿ ನಾಲ್ಕು ವರ್ಷ ಇದ್ದರೂ ಎಣಿಕೆಗೆ ಬರುವುದು ಮೂರೇ ವರ್ಷ. ವಿಮಾ ಕಂಪನಿಗಳು ಇನ್ನೂ ಹಿಂದಿನದನ್ನು ಕೇಳುವುದುಂಟು, ಪ್ರೀಮಿಯಂ ಏರಿಸುವುದೂ ಉಂಟು.

ಹನ್ನೆರಡು ತುಂಬಿದವರು ನ್ಯಾಯಾಲಯದಲ್ಲಿ ಅಸಾಧಾರಣ ಸಂಕಷ್ಟದ ಕಾರಣ ಮುಂದಿಡಬಹುದು. ಓಡಾಟಕ್ಕೆ ತೊಂದರೆ ಎಂಬ ಮಾತು ಸಾಲದು. ಹಾಸಿಗೆ ಹಿಡಿದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವವರು ಬೇರೆ ಯಾರೂ ಇಲ್ಲ ಎಂಬಂಥ, ನಿರಪರಾಧಿಗಳಿಗೆ ತಟ್ಟುವ ಕಷ್ಟವನ್ನು ನ್ಯಾಯಾಲಯ ತೂಗಿ ನೋಡುತ್ತದೆ. ಒಮ್ಮೆ ಒಪ್ಪಿದ ಕಾರಣವನ್ನು ಮೂರು ವರ್ಷದೊಳಗೆ ಮತ್ತೆ ಹೇಳುವಂತಿಲ್ಲ.

ಕ್ಯಾಮೆರಾದಲ್ಲಿ ಸಿಕ್ಕಿದ ತಪ್ಪು ಮನೆಗೆ ಅಂಚೆಯಲ್ಲಿ ಬರುತ್ತದೆ. ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರಿಗೆ ಸಾಮಾನ್ಯವಾಗಿ 14 ದಿನದೊಳಗೆ ನೋಟಿಸು. ಅದರಲ್ಲಿ ರಸ್ತೆಯ ಹೆಸರು, ಗಂಟೆ ನಿಮಿಷ, ವೇಗ. ಕೆಳಗೆ ಒಂದೇ ಪ್ರಶ್ನೆ: ಆಗ ಚಕ್ರ ಹಿಡಿದಿದ್ದವರು ಯಾರು? 28 ದಿನದಲ್ಲಿ ಉತ್ತರಿಸಬೇಕು. ಉತ್ತರಿಸದಿದ್ದರೆ ಅದೇ ಬೇರೆ ಅಪರಾಧ, 6 ಪಾಯಿಂಟ್. ಸುಳ್ಳು ಹೆಸರು ಕೊಡುವುದು ಇನ್ನೂ ಘೋರ. 2003ರಲ್ಲಿ ಕ್ರಿಸ್ ಹ್ಯೂನ್ ಅವರ ಅತಿವೇಗದ ಪಾಯಿಂಟುಗಳನ್ನು ಅಂದಿನ ಪತ್ನಿ ವಿಕಿ ಪ್ರೈಸ್ ತಮ್ಮ ಮೇಲೆ ಹಾಕಿಕೊಂಡಿದ್ದರು. ಮುಂದೆ ಸಚಿವರಾದ ಹ್ಯೂನ್, ಈ ಪ್ರಕರಣದಿಂದಾಗಿ ಸಂಪುಟ ಬಿಡಬೇಕಾಯಿತು. 2013ರಲ್ಲಿ ಇಬ್ಬರಿಗೂ ಎಂಟೆಂಟು ತಿಂಗಳ ಜೈಲು ಶಿಕ್ಷೆಯಾಯಿತು. ಕೆಲವೇ ಪಾಯಿಂಟ್ ಉಳಿಸಿಕೊಳ್ಳಲು ಹೋಗಿ ಒಂದು ರಾಜಕೀಯ ಬದುಕೇ ಮುಗಿಯಿತು.

ಹೊಸ ಚಾಲಕರಿಗೆ ನಿಯಮ ಇನ್ನೂ ಬಿಗಿ. 1995ರ ಕಾಯ್ದೆಯ ಪ್ರಕಾರ, ಪರೀಕ್ಷೆ ಪಾಸಾದ ಎರಡು ವರ್ಷದೊಳಗೆ 6 ಪಾಯಿಂಟ್ ಆದರೆ ಲೈಸೆನ್ಸೇ ರದ್ದು. ಮತ್ತೆ ಎಲ್ ಬೋರ್ಡು, ಮತ್ತೆ ಬರಹದ ಪರೀಕ್ಷೆ, ಮತ್ತೆ ರಸ್ತೆ ಪರೀಕ್ಷೆ. ಬೆಂಗಳೂರಿನಲ್ಲಿ ಹದಿನೈದು ವರ್ಷ ಕಾರು ಓಡಿಸಿದವರಿಗೂ ಇದು ಅನ್ವಯಿಸುತ್ತದೆ. ಭಾರತದ ಡಿಎಲ್ ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ನಡೆಯುತ್ತದೆ. ಆಮೇಲೆ ಅಲ್ಲಿನ ಪರೀಕ್ಷೆ ಪಾಸಾಗಲೇಬೇಕು, ಪಾಸಾದವರು ಕಾನೂನಿನ ಕಣ್ಣಿಗೆ ಹೊಸಬರು. ಅಲ್ಲಿನ ಲೈಸೆನ್ಸ್ ಇಲ್ಲದವರ ಪಾಯಿಂಟಿಗೂ ಡಿವಿಎಲ್‌ಎ ದಾಖಲೆ ತೆರೆಯುತ್ತದೆ.

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 19ನೇ ಕಲಮಿನಡಿ ಡಿಎಲ್ ಅಮಾನತು ಮಾಡುವ ಅಧಿಕಾರವಿದೆ. ತೆಲಂಗಾಣ 2017ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ 12 ಪಾಯಿಂಟಿನ ಪದ್ಧತಿ ಆರಂಭಿಸಿತ್ತು.

ಬ್ರಿಟನ್ನಿನಲ್ಲಿ ಮನೆ ಬದಲಿಸುವ ಕನ್ನಡಿಗರು ಲೈಸೆನ್ಸಿನಲ್ಲೂ ವಾಹನದ ನೋಂದಣಿ ಪತ್ರದಲ್ಲೂ ವಿಳಾಸವನ್ನು ಕೂಡಲೇ ಬದಲಿಸಿಕೊಳ್ಳಬೇಕು. ನೋಟಿಸು ಹಳೆಯ ಮನೆಯ ಬಾಗಿಲಲ್ಲೇ ಬಿದ್ದಿದ್ದರೆ, ಉತ್ತರ ಕೊಡದ ತಪ್ಪಿನ 6 ಪಾಯಿಂಟೇ ಹೊಸ ಚಾಲಕರ ಲೈಸೆನ್ಸ್ ಕಳೆಯಲು ಸಾಕು.