ಕಾರ್ನ್‌ಬರ್ಗ್ ಕಿಣ್ವಕ್ಕೆ ಕೆಲಸವೇನು?

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಆ ಚಿತ್ರ ನೆನಪಿರುತ್ತದೆ. ಜಿಪ್ಪಿನಂತೆ ಬಿಚ್ಚಿಕೊಂಡ ಡಿಎನ್‌ಎ, ಒಂದು ಎಳೆಯ ಮೇಲೆ ಉದ್ದಕ್ಕೆ ಸಾಗುವ ಒಂದೇ ಬಾಣ, ಇನ್ನೊಂದರ ಮೇಲೆ ತುಂಡು ತುಂಡು ಬಾಣಗಳು, ಪಕ್ಕದಲ್ಲಿ ಪಾಲಿಮರೇಸ್, ಲೈಗೇಸ್ ಎಂಬ ಹೆಸರುಗಳು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ತುಂಡು ಬಾಣಗಳ ಹಿಂದೆ ಸುಮಾರು ಇಪ್ಪತ್ತು ವರ್ಷಗಳ ತಕರಾರು ಇದೆ. ನೊಬೆಲ್ ತಂದುಕೊಟ್ಟ ಒಂದು ಕಿಣ್ವ ಜೀವಕೋಶದೊಳಗೆ ನಿಜವಾಗಿ ಮಾಡುವ ಕೆಲಸವಾದರೂ ಏನು ಎಂಬ ತಕರಾರು ಅದು.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಜೋಡಿಸುರುಳಿಯ ರಚನೆಯನ್ನು ಮುಂದಿಟ್ಟಾಗ, ಒಂದೊಂದು ಎಳೆಯೂ ಇನ್ನೊಂದಕ್ಕೆ ಅಚ್ಚಾಗಬಲ್ಲದು ಎಂಬುದು ನೋಡಿದರೇ ತಿಳಿಯುವಂತಿತ್ತು. ಅಚ್ಚಿನಿಂದ ಪ್ರತಿ ತೆಗೆಯುವವರು ಯಾರು ಎಂಬುದು ಮಾತ್ರ ತಿಳಿದಿರಲಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದ ಆರ್ಥರ್ ಕಾರ್ನ್‌ಬರ್ಗ್ ಹಳೇ ಜಾಯಮಾನದ ಜೀವರಸಾಯನ ಶಾಸ್ತ್ರಜ್ಞರು. ಕೋಶವನ್ನು ಒಡೆದು, ರಸ ತೆಗೆದು, ಆ ರಸವನ್ನು ಭಾಗ ಭಾಗವಾಗಿ ಬೇರ್ಪಡಿಸಿ, ಯಾವ ಭಾಗ ಯಾವ ಕೆಲಸ ಮಾಡುತ್ತದೆಂದು ನೋಡುವುದು ಅವರ ದಾರಿ. ಇ. ಕೋಲಿ ಬ್ಯಾಕ್ಟೀರಿಯಾದ ರಸಕ್ಕೆ ವಿಕಿರಣಶೀಲ ಥೈಮಿಡಿನ್ ಬೆರೆಸಿದಾಗ, ಹಾಕಿದ ಹತ್ತು ಲಕ್ಷ ಎಣಿಕೆಯಲ್ಲಿ ಸುಮಾರು ಐವತ್ತು ಮಾತ್ರ ಡಿಎನ್‌ಎಗೆ ಸೇರಿತ್ತು. ಬೇರೆ ಯಾರಾದರೂ ಅದನ್ನು ಯಂತ್ರದ ಗದ್ದಲವೆಂದು ಕೈಬಿಡುತ್ತಿದ್ದರೇನೋ. ಅವರು ಆ ಐವತ್ತರ ಬೆನ್ನು ಹತ್ತಿ ಡಿಎನ್‌ಎ ಪಾಲಿಮರೇಸ್ ಅನ್ನು ಹಿಡಿದರು. 1957ರಲ್ಲಿ ಈ ಕುರಿತ ಲೇಖನಗಳನ್ನು ರಸಾಯನ ಪತ್ರಿಕೆಯೊಂದರ ಪರಿಶೀಲಕರು ಮೊದಲು ತಿರಸ್ಕರಿಸಿದರು. ತಯಾರಾದ ವಸ್ತುವನ್ನು ಡಿಎನ್‌ಎ ಎಂದು ಕರೆಯಲು ಏನಧಿಕಾರ ಎಂಬುದು ಅವರ ಆಕ್ಷೇಪ. ಮರುವರ್ಷ ಲೇಖನಗಳು ಅಚ್ಚಾದವು, 1959ರಲ್ಲಿ ನೊಬೆಲ್ ಬಂತು. ಅದೇ ಬಹುಮಾನವನ್ನು ಹಂಚಿಕೊಂಡ ಸೆವೆರೊ ಒಚೋವಾ ಅವರ ಆರ್‌ಎನ್‌ಎ ಕಟ್ಟುವ ಕಿಣ್ವ, ಕೋಶದೊಳಗೆ ಮುಖ್ಯವಾಗಿ ಆರ್‌ಎನ್‌ಎಯನ್ನು ಒಡೆಯುವ ಕಿಣ್ವವೆಂದು ಆಮೇಲೆ ತಿಳಿಯಿತು. ಆ ವರ್ಷದ ನೊಬೆಲ್‌ನ ಗ್ರಹಗತಿಯೇ ಹಾಗಿತ್ತೋ ಏನೋ!

1967ರಲ್ಲಿ ಕಾರ್ನ್‌ಬರ್ಗ್ ಮತ್ತು ಸಂಗಡಿಗರು ಇದೇ ಕಿಣ್ವದಿಂದ ಒಂದು ಪುಟ್ಟ ವೈರಸ್ಸಿನ ಡಿಎನ್‌ಎಯನ್ನು ಪ್ರನಾಳದಲ್ಲಿ ಕಟ್ಟಿದರು. ಅದು ಬ್ಯಾಕ್ಟೀರಿಯಾಕ್ಕೆ ಸೋಂಕು ತಗುಲಿಸುವಷ್ಟು ಸರಿಯಾಗಿತ್ತು. ಅಧ್ಯಕ್ಷ ಜಾನ್ಸನ್ ತಮ್ಮ ಭಾಷಣದಲ್ಲಿ ಅದನ್ನು ಹೊಗಳಿದರು. ಅಷ್ಟಾದರೂ ಅನುಮಾನ ಹೋಗಲಿಲ್ಲ, ಅದಕ್ಕೆ ಕಾರಣವೂ ಇತ್ತು. ಇ. ಕೋಲಿಯ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಜೋಡಿಗಳಿವೆ. ಎರಡು ಕಡೆಯಿಂದ ಏಕಕಾಲಕ್ಕೆ ಪ್ರತಿ ಮಾಡುತ್ತಾ ಕೋಶ ಅದನ್ನು 40 ನಿಮಿಷದಲ್ಲಿ ಮುಗಿಸುತ್ತದೆ. ಕಾರ್ನ್‌ಬರ್ಗ್ ಕಿಣ್ವದ ವೇಗವೋ ಸೆಕೆಂಡಿಗೆ ಹತ್ತಿಪ್ಪತ್ತು ಅಕ್ಷರ. ಆ ಲೆಕ್ಕದಲ್ಲಿ ಒಂದು ದಿನ ಕಳೆದರೂ ಪ್ರತಿ ಮುಗಿಯದು.

1969ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ಜಾನ್ ಕೇರ್ನ್ಸ್ ಈ ಅನುಮಾನವನ್ನು ನೇರವಾಗಿ ಪರೀಕ್ಷೆಗೊಡ್ಡಿದರು. ರೂಪಾಂತರಗೊಳಿಸಿದ ಬ್ಯಾಕ್ಟೀರಿಯಾಗಳಲ್ಲಿ ಈ ಕಿಣ್ವವಿಲ್ಲದ ಒಂದನ್ನು ಹುಡುಕುವುದು ಅವರ ಯೋಜನೆ. ಅದು ಸಿಕ್ಕಿ, ಬದುಕಿ ಬೆಳೆಯುತ್ತಿದ್ದರೆ ಪ್ರತಿ ಮಾಡುವವರು ಬೇರೆ ಯಾರೋ ಇರಲೇಬೇಕು. ಹುಡುಕುವ ಕೆಲಸ ಮಾಡಿದ್ದು ಪ್ರಯೋಗಾಲಯದ ಸಹಾಯಕಿ ಪಾಲಾ ಡಿ ಲೂಸಿಯಾ. ಸಾವಿರಾರು ಕಾಲೊನಿಗಳನ್ನು ಒಂದೊಂದಾಗಿ ಬೆಳೆಸಿ, ಒಡೆದು, ಅಳೆದ ಮೇಲೆ ಸಿಕ್ಕ ಒಂದರಲ್ಲಿ ಕಿಣ್ವದ ಚಟುವಟಿಕೆ ನೂರಕ್ಕೆ ಒಂದರಷ್ಟು ಮಾತ್ರ ಉಳಿದಿತ್ತು. ಅದು ಎಲ್ಲದರಂತೆ ಆರಾಮಾಗಿ ಬೆಳೆಯುತ್ತಿತ್ತು! ನೇರಳಾತೀತ ಬೆಳಕಿಗೆ ಹಿಡಿದರೆ ಮಾತ್ರ ಬೇಗ ಸಾಯುತ್ತಿತ್ತು. ಆ ಜೀನ್‌ಗೆ 'ಪೊಲ್ ಎ' ಎಂಬ ಹೆಸರು ಬಂತು. ಪಾಲಿಮರೇಸ್ ಎಂದೂ ಓದಬಹುದು, ಪಾಲಾ ಎಂದೂ ಓದಬಹುದು. ಸಹಾಯಕರ ಹೆಸರು ಹೀಗಾದರೂ ಉಳಿಯುವುದು ವಿಜ್ಞಾನದಲ್ಲಿ ಅಪರೂಪ.

ಗಾಳಿ ತಿರುಗಿತು. 'ನೇಚರ್ ನ್ಯೂ ಬಯಾಲಜಿ' ಪತ್ರಿಕೆಯ ಸಹಿಯಿಲ್ಲದ ಟಿಪ್ಪಣಿಗಳು ಕಾರ್ನ್‌ಬರ್ಗ್ ಕಿಣ್ವ ಎಲ್ಲರನ್ನೂ ದಾರಿ ತಪ್ಪಿಸಿತೆಂಬ ಧಾಟಿಯಲ್ಲಿ ಬರೆದವು. ಕಾರ್ನ್‌ಬರ್ಗ್ ನೊಂದುಕೊಂಡರು. ಅವರ ಎರಡನೆಯ ಮಗ ಟಾಮ್ ಆಗ ನ್ಯೂಯಾರ್ಕ್‌ನಲ್ಲಿ ಚೆಲ್ಲೊ ವಾದನ ಕಲಿಯುತ್ತಿದ್ದರು. ಕೈಬೆರಳಿನ ತೊಂದರೆಯಿಂದ ವಾದ್ಯ ಬಿಡಬೇಕಾಯಿತು. ಅವರು ಕೊಲಂಬಿಯಾ ವಿಶ್ವವಿದ್ಯಾಲಯದ ಮಾಲ್ಕಂ ಗೆಫ್ಟರ್ ಅವರ ಪ್ರಯೋಗಾಲಯ ಸೇರಿ, ಡಿ ಲೂಸಿಯಾ ಹುಡುಕಿದ ಅದೇ ಬ್ಯಾಕ್ಟೀರಿಯಾದ ರಸವನ್ನು ಕೈಗೆತ್ತಿಕೊಂಡರು. ಸ್ವಲ್ಪ ಸಮಯದಲ್ಲೇ ಅದರಲ್ಲಿ ಎರಡು ಹೊಸ ಪಾಲಿಮರೇಸ್‌ಗಳು ಸಿಕ್ಕವು. ಮೂರನೆಯದೆಂದು ಎಣಿಸಲಾದ ಕಿಣ್ವವೇ ಡಿಎನ್‌ಎಯನ್ನು ಪ್ರತಿ ಮಾಡುವ ನಿಜವಾದ ಆಳು. ಸೆಕೆಂಡಿಗೆ ಸಾವಿರದ ಆಸುಪಾಸು ಅಕ್ಷರ ಜೋಡಿಸಬಲ್ಲದು. ಇಷ್ಟು ದಿನ ಅದು ಕಣ್ಣಿಗೆ ಬೀಳದಿರಲು ಕಾರಣ ಸರಳ. ಒಂದು ಕೋಶದಲ್ಲಿ ಕಾರ್ನ್‌ಬರ್ಗ್ ಕಿಣ್ವದ ಸುಮಾರು 400 ಅಣುಗಳಿದ್ದರೆ, ಈ ಮೂರನೆಯದು ಹತ್ತಿಪ್ಪತ್ತು ಮಾತ್ರ. ಸಂತೆಯ ಗದ್ದಲ ನಿಂತಾಗ ಮೂಲೆಯ ದನಿ ಕೇಳಿಸಿದ ಹಾಗೆ, ಮೊದಲನೆಯದು ಇಲ್ಲವಾದಾಗಲೇ ಅದರ ಸುಳಿವು ಸಿಕ್ಕಿದ್ದು. ಅಪ್ಪನನ್ನು ಮಗ ಪಾರುಮಾಡಿದ ಎಂದು ಈ ಕತೆಯನ್ನು ಹೇಳುವವರಿದ್ದಾರೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಹೊಸ ಕಿಣ್ವ ಸಿಕ್ಕಿದ್ದರಿಂದ ಹಳೆಯದರ ಕೆಲಸವೇನೆಂಬ ಪ್ರಶ್ನೆ ಇನ್ನಷ್ಟು ಬಿಗಿಯಾಯಿತು. ಕೋಶ 400 ಅಣುಗಳನ್ನು ಸುಮ್ಮನೆ ಸಾಕಿಕೊಂಡಿರುವುದಿಲ್ಲ.

ಉತ್ತರದ ಮುಖ್ಯ ಭಾಗ ಅಷ್ಟು ಹೊತ್ತಿಗಾಗಲೇ ಜಪಾನಿನ ನಗೋಯಾದಲ್ಲಿ ಸಿದ್ಧವಾಗಿತ್ತು. ಅಲ್ಲಿ ರೇಜಿ ಮತ್ತು ತ್ಸುನೆಕೊ ಒಕಜಾಕಿ ದಂಪತಿಗಳನ್ನು ಕಾಡುತ್ತಿದ್ದುದು ದಿಕ್ಕಿನ ಸಮಸ್ಯೆ. ಡಿಎನ್‌ಎಯ ಎರಡು ಎಳೆಗಳು ಹೆದ್ದಾರಿಯ ಎರಡು ಬದಿಗಳಂತೆ ಎದುರುಬದುರು ದಿಕ್ಕಿನವು. ಗೊತ್ತಿದ್ದ ಪಾಲಿಮರೇಸ್ ಹೊಸ ಎಳೆಯನ್ನು ಒಂದೇ ದಿಕ್ಕಿಗೆ ಬೆಳೆಸಬಲ್ಲದು. ಹಾಗಿದ್ದರೂ ಜೋಡಿ ಬಿಚ್ಚುತ್ತಾ ಹೋದಂತೆ ಎರಡೂ ಎಳೆಗಳು ಒಟ್ಟಿಗೇ ಪ್ರತಿಯಾಗುವುದು ಹೇಗೆ? ಒಂದು ಎಳೆಯನ್ನಾದರೂ ಸಣ್ಣ ಸಣ್ಣ ತುಂಡುಗಳಾಗಿ ಹಿಮ್ಮುಖವಾಗಿ ಕಟ್ಟಿ, ಆಮೇಲೆ ಬೆಸೆಯುತ್ತಿರಬೇಕು ಎಂದು ಅವರು ಊಹಿಸಿದರು. ತುಂಡುಗಳನ್ನು ಹಿಡಿಯಲು ಬ್ಯಾಕ್ಟೀರಿಯಾವನ್ನು 20 ಡಿಗ್ರಿಯ ತಂಪಿಗಿಟ್ಟು ಅದರ ವೇಗ ತಗ್ಗಿಸಿ, ಕೆಲವೇ ಸೆಕೆಂಡು ವಿಕಿರಣಶೀಲ ಥೈಮಿಡಿನ್ ಉಣಿಸಿ ನಿಲ್ಲಿಸಿದರು. ಆಗಷ್ಟೇ ಹುಟ್ಟಿದ ಡಿಎನ್‌ಎ ಸಾವಿರ, ಎರಡು ಸಾವಿರ ಅಕ್ಷರಗಳ ತುಂಡುಗಳಲ್ಲಿತ್ತು. ಇನ್ನಷ್ಟು ಹೊತ್ತು ಬಿಟ್ಟರೆ ಅವು ಉದ್ದದ ಎಳೆಗೆ ಸೇರಿಹೋಗುತ್ತಿದ್ದವು. ಬೆಸೆಯುವ ಲೈಗೇಸ್ ಕೆಟ್ಟಿರುವ ವೈರಸ್ಸಿನಲ್ಲಿ ತುಂಡುಗಳು ರಾಶಿಬಿದ್ದವು. 1968ರಲ್ಲಿ ಇದು ಪ್ರಕಟವಾಯಿತು. ಪಠ್ಯಪುಸ್ತಕದ ತುಂಡು ಬಾಣಗಳು ಇವೇ.

ಪ್ರತಿಯೊಂದು ತುಂಡಿನ ತುದಿಯಲ್ಲೂ ಆರ್‌ಎನ್‌ಎಯ ಪುಟ್ಟ ಚೂರೊಂದು ಇರುತ್ತದೆ. ಪಾಲಿಮರೇಸ್‌ಗೆ ಖಾಲಿ ಜಾಗದಲ್ಲಿ ಶುರುಮಾಡಲು ಬಾರದು, ಹಿಡಿದುಕೊಳ್ಳಲು ಒಂದು ತುದಿ ಬೇಕು. ಬೆಸುಗೆಗೆ ಮುನ್ನ ಈ ಆರ್‌ಎನ್‌ಎಯನ್ನು ಕಿತ್ತು, ತೆರವಾದ ಜಾಗಕ್ಕೆ ಡಿಎನ್‌ಎ ತುಂಬಬೇಕು. ಕಾರ್ನ್‌ಬರ್ಗ್ ಕಿಣ್ವಕ್ಕೆ ಎರಡೂ ಗೊತ್ತು. ಮುಂದಿರುವುದನ್ನು ಕತ್ತರಿಸುತ್ತಾ, ಹಿಂದಿನಿಂದ ತುಂಬುತ್ತಾ ಸಾಗುತ್ತದೆ. ಹೊಲ ಉಳುವ ಆಳು ಅದಲ್ಲ, ಬದು ಸರಿಮಾಡುವ ಆಳು. ನೇರಳಾತೀತ ಬೆಳಕಿನಿಂದ ಕೆಟ್ಟ ಡಿಎನ್‌ಎಯನ್ನು ರಿಪೇರಿ ಮಾಡುವುದೂ ಇದೇ ಬಗೆಯ ಕೆಲಸ. ಡಿ ಲೂಸಿಯಾ ಅವರ ಬ್ಯಾಕ್ಟೀರಿಯಾ ಆ ಬೆಳಕಿಗೆ ಸಾಯುತ್ತಿದ್ದುದು ಅದಕ್ಕೇ.

ಹಾಗಾದರೆ ಅದು ಮಿಕ್ಕ ಹೊತ್ತಿನಲ್ಲಿ ಬದುಕಿದ್ದು ಹೇಗೆ? ಅದರಲ್ಲಿ ಕೆಟ್ಟಿದ್ದು ತುಂಬುವ ಭಾಗ ಮಾತ್ರ, ಕತ್ತರಿಸುವ ಭಾಗ ಉಳಿದುಕೊಂಡಿತ್ತು. 1974ರಲ್ಲಿ ಕಾರ್ನ್‌ಬರ್ಗರ ಹಳೆಯ ಒಡನಾಡಿ ರಾಬರ್ಟ್ ಲೀಮನ್ ಮತ್ತು ಬ್ರೂಸ್ ಕಾನ್ರಾಡ್ ಕತ್ತರಿಸುವ ಭಾಗ ಕೆಟ್ಟಿರುವ ರೂಪಾಂತರಿಯನ್ನು ಕಂಡುಹಿಡಿದರು. ಬಿಸಿ ಏರಿಸಿದರೆ ಅದು ಬದುಕಲಿಲ್ಲ. ಹದಿನೈದು ವರ್ಷ ಹಿಂದೆ ನೊಬೆಲ್ ಪಡೆದ ಕಿಣ್ವ ಕೋಶಕ್ಕೆ ಬೇಕೇಬೇಕು ಎಂಬುದು ಖಚಿತವಾಗಿದ್ದು ಆಗ. ಆದರೆ ಅದು ಬೇಕಾಗಿದ್ದದ್ದು ನೊಬೆಲ್ ಕೊಟ್ಟವರು ಎಣಿಸಿದ್ದ ಕೆಲಸಕ್ಕಲ್ಲ.

ಹಿರೋಶಿಮಾದ ಬಾಂಬಿನ ವಿಕಿರಣಕ್ಕೆ ಹುಡುಗನಾಗಿದ್ದಾಗಲೇ ಒಡ್ಡಿಕೊಂಡಿದ್ದ ರೇಜಿ ಒಕಜಾಕಿ 1975ರಲ್ಲಿ, 44ನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ತುಂಡುಗಳ ತುದಿಯ ಆರ್‌ಎನ್‌ಎ ಚೂರುಗಳ ಕೆಲಸವನ್ನು ತ್ಸುನೆಕೊ ನಗೋಯಾದಲ್ಲೇ ಮುಂದುವರಿಸಿದರು. ಆ ಚೂರುಗಳು ಕ್ಷಣಮಾತ್ರ ಇದ್ದು ಮಾಯವಾಗುವಂಥವು. ಅವು ಮಾಯವಾಗದೆ ಉಳಿಯುತ್ತಿದ್ದುದು ಕಾರ್ನ್‌ಬರ್ಗ್ ಕಿಣ್ವ ಕೆಟ್ಟ ಬ್ಯಾಕ್ಟೀರಿಯಾಗಳಲ್ಲಿ. ಅವರ ತಂಡ ಚೂರುಗಳನ್ನು ಎಣಿಸಿದ್ದು ಅಲ್ಲಿಯೇ.