ಐನೂರು ಪತ್ರ ಬರೆದವನು ಮದುವೆಯಾಗಲಿಲ್ಲ

ಲೇಖಕ ಫ್ರಾಂಜ್ ಕಾಫ್ಕಾ ಪ್ರಾಗ್ ಊರಿನವನು. ಹಗಲು ಕಾರ್ಮಿಕರ ಅಪಘಾತ ವಿಮೆ ಕಚೇರಿಯಲ್ಲಿ ನೌಕರಿ, ರಾತ್ರಿ ಬರವಣಿಗೆ. 1912ರ ಆಗಸ್ಟ್ 13ರಂದು ಗೆಳೆಯನ ಮನೆಯಲ್ಲಿ ಫೆಲಿಸ್ ಬಾವರ್ ಪರಿಚಯವಾದಳು. ಅವಳಿದ್ದದ್ದು ಬರ್ಲಿನ್‌ನಲ್ಲಿ, ಮಾತು ರೆಕಾರ್ಡ್ ಮಾಡುವ ಯಂತ್ರದ ಕಂಪನಿಯಲ್ಲಿ ಕೆಲಸ.

ಸೆಪ್ಟೆಂಬರ್ 20ಕ್ಕೆ ಮೊದಲ ಪತ್ರ ಬರೆದ. 22ರ ರಾತ್ರಿ ಕೂತವನು ಬೆಳಗಾಗುವಷ್ಟರಲ್ಲಿ 'ತೀರ್ಪು' ಕಥೆ ಮುಗಿಸಿದ, ಅವಳಿಗೇ ಅರ್ಪಿಸಿದ. ಡಿಸೆಂಬರ್ ಹೊತ್ತಿಗೆ ಮನುಷ್ಯ ಹುಳುವಾಗುವ 'ರೂಪಾಂತರ'ವೂ ಆಯಿತು. ದಿನಕ್ಕೆ ಎರಡು ಪತ್ರ ಹೋದದ್ದೂ ಉಂಟು. ಆಗ ಬ್ಲೂ ಟಿಕ್ ಇರಲಿಲ್ಲ ನೋಡಿ, ಉತ್ತರ ತಡವಾದರೆ ತಂತಿ ಕಳಿಸುತ್ತಿದ್ದ!

ದೂರವಿದ್ದರೆ ಪ್ರೀತಿ, ಒಂದೇ ಮನೆಯಲ್ಲಿದ್ದರೆ ಬರೆಯಲಾಗದೆಂಬ ಭಯ. 1914ರಲ್ಲಿ ನಿಶ್ಚಿತಾರ್ಥವಾಗಿ ಅದೇ ವರ್ಷ ಮುರಿಯಿತು. 1917ರಲ್ಲಿ ಮತ್ತೆ ನಿಶ್ಚಿತಾರ್ಥ. ಕ್ಷಯ ಕಾಣಿಸಿಕೊಂಡು ಅದೂ ಮುರಿಯಿತು.

ಇದನ್ನು ಕಲೆಗಾಗಿ ಅವನು ಮಾಡಿದ ತ್ಯಾಗ ಅನ್ನುವವರಿದ್ದಾರೆ. ಐದು ವರ್ಷ ಕಾದವಳು ಫೆಲಿಸ್ ಅಲ್ಲವೇ? 1919ರಲ್ಲಿ ಅವಳು ಬೇರೆಯವರನ್ನು ಮದುವೆಯಾದಳು. ಆದರೂ ಅವನ ಐನೂರಕ್ಕೂ ಹೆಚ್ಚು ಪತ್ರಗಳನ್ನು ಅಮೆರಿಕದವರೆಗೂ ಜೋಪಾನವಾಗಿ ಒಯ್ದಳು. 1955ರಲ್ಲಿ ಪ್ರಕಾಶಕರಿಗೆ ಮಾರಿದಳು. ಅವಳು ಅವನಿಗೆ ಬರೆದ ಪತ್ರಗಳು ಮಾತ್ರ ಉಳಿದಿಲ್ಲ.